ವರ್ಷವಿಡೀ ಬೇಸಿಗೆ

ಸೋಮವಾರ, ಮಧ್ಯಾಹ್ನ
(ರಜೆಯ ದಿನ)

ಭೂಮಿ ಹೊರುವವರಿಗೆ, ದೀಪ ಹಿಡಿಯುವವಳ ನಮಸ್ಕಾರ.

ಕಾಗದ ನೋಡಿ ಗಾಬರಿಯಾಗಬೇಡಿ. ಯಾರಿಗೂ ಏನೂ ಆಗಿಲ್ಲ. ನಿಮ್ಮಕ್ಕನ ಮನೆಯ ಬಾಗಿಲ ಪೆಟ್ಟಿಗೆಗೆ ನಾನೇ ಹಾಕಿ ಹೋಗುತ್ತೇನೆ, ಗಂಟೆ ಒತ್ತುವುದಿಲ್ಲ. ದಿನಾ ವಿಜ್ಞಾನ ಕೇಂದ್ರದ ಒಂದೇ ಕತ್ತಲೆ ಕೋಣೆಯಲ್ಲಿ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ಇದ್ದುಕೊಂಡು ಗಂಡನಿಗೆ ಕಾಗದ ಬರೆಯುವ ಹೆಂಗಸು ಇನ್ನೊಬ್ಬಳು ಇರಲಾರಳು. ಏನು ಮಾಡಲಿ, ಆ ಕೋಣೆಯಲ್ಲಿ ನಾನು ಆಡುವ ಮಾತೆಲ್ಲ ಮಕ್ಕಳಿಗೆಂದು ಯಾರೋ ಬರೆದುಕೊಟ್ಟದ್ದು. ನಿಮ್ಮ ಪಾಲಿಗಂತೂ ಅದರಲ್ಲಿ ಒಂದು ಸಾಲೂ ಇಲ್ಲ.

ನಿಜ ಹೇಳಬೇಕೆಂದರೆ ನಾನು ಕೂತಿದ್ದು ಮೇಲ್ವಿಚಾರಕರಿಗೆ ಬರೆಯಲು. ಮಂಗಳವಾರದ ಪ್ರದರ್ಶನದಲ್ಲಿ ಏನಾಯಿತು, ತಪ್ಪು ಯಾರದು, ವಿವರವಾಗಿ ಬರೆದು ಸಹಿ ಹಾಕಿ ಕೊಡಿ ಎಂದಿದ್ದಾರೆ. ಶಾಲೆಯ ಮೇಡಂ ದೂರು ಕೊಟ್ಟಿದ್ದಾರಂತೆ. ಬರೆಯಲು ಹೊರಟರೆ ಕೈಯೇ ಏಳಲಿಲ್ಲ. ಎಷ್ಟು ವರ್ಷದಿಂದ ಮಾಡಿದ ಕೆಲಸ! ನಾನು ನಡುವೆ ದೀಪ ಹಿಡಿದು ನಿಂತು, ಇದು ಸೂರ್ಯ, ಇದು ಜಾಗ ಬಿಟ್ಟು ಕದಲೋದಿಲ್ಲ ಎನ್ನುವುದು. ನೀವು ಭೂಮಿಯ ಗೋಳವನ್ನು ಬೆರಳಿನಿಂದ ಬುಗುರಿಯಂತೆ ತಿರುಗಿಸುವುದು. ನಮ್ಮ ಊರಿನ ಜಾಗಕ್ಕೆ ಅಂಟಿಸಿದ ಕೆಂಪು ಗುಂಡಿ ಬೆಳಕಿಗೆ ಬಂದರೆ ಹಗಲು, ಹಿಂದೆ ಹೋದರೆ ರಾತ್ರಿ. ಆಮೇಲೆ ನೀವು ನನ್ನ ಸುತ್ತ ನಡೆಯುತ್ತೀರಿ. ಗೋಳದ ತಲೆ ಮಾತ್ರ ಯಾವಾಗಲೂ ಗೋಡೆಯ ಗಡಿಯಾರದ ಕಡೆಗೇ ವಾಲಿರಬೇಕು, ನೀವು ಎಲ್ಲಿದ್ದರೂ ಸರಿ. ಹಾಗಿದ್ದರೆ ತಾನೆ ಈ ಬದಿಯಲ್ಲಿ ತಲೆ ದೀಪದ ಕಡೆ ಬಾಗಿ ಬೇಸಿಗೆ, ಆ ಬದಿಯಲ್ಲಿ ದೀಪಕ್ಕೆ ಬೆನ್ನು ಹಾಕಿ ಚಳಿ. ಹತ್ತಿರ ಬಂದದ್ದಕ್ಕೆ ಸೆಕೆ, ದೂರ ಹೋದದ್ದಕ್ಕೆ ಚಳಿ ಅಂತ ತಿಳ್ಕೋಬೇಡಿ ಮಕ್ಕಳೇ ಎಂದು ನಾನು ಹೇಳುವಾಗ ಕೆಲವು ಸಲ ನನಗೇ ನಗು ಬರುತ್ತದೆ, ಕೆಲವು ಸಲ ಅಳು.

ಮಂಗಳವಾರ ಗೋಳ ಗಡಿಯಾರದ ಕಡೆ ವಾಲಿರಲಿಲ್ಲ. ಸುತ್ತು ಪೂರ್ತಿ ನನ್ನ ಕಡೆಗೇ ವಾಲಿತ್ತು. ನಾನು ದೀಪ ಹಿಡಿದವಳು, ಬೆಳಕು ಕಣ್ಣಿಗೆ ಬಡಿದು ಏನೂ ಕಾಣಲಿಲ್ಲ. ಎಂದಿನಂತೆ ಜೂನ್ ಎಂದೆ, ಸೆಪ್ಟೆಂಬರ್ ಎಂದೆ, ಡಿಸೆಂಬರ್ ಬಂತು, ಈಗ ನಮಗೆಲ್ಲ ಚಳಿ ಎಂದೆ. ಆಗ ಮುಂದಿನ ಸಾಲಿನ ಎರಡು ಜಡೆಯ ಹುಡುಗಿ ಎದ್ದು ನಿಂತು, ಎಲ್ಲಿ ಚಳಿ, ಇನ್ನೂ ಲೈಟ್ ಕಡೆನೇ ಬಗ್ಗಿದೆಯಲ್ಲ ಎಂದು ಕೇಳಿದಳು. ಎಲ್ಲರೂ ಗೊಳ್ಳೆಂದು ನಕ್ಕರು. ಅವಳು ನಗಲಿಲ್ಲ. ಹಾಗಾದ್ರೆ ಕೆಳಗಡೆ ಇರೋರಿಗೆ ಬೇಸಿಗೆ ಬರೋದೇ ಇಲ್ವಾ ಎಂದು ಇನ್ನೊಂದು ಕೇಳಿದಳು. ನೀವು ಗೋಳ ಎದೆಗೆ ಅವುಚಿಕೊಂಡು ತಪ್ಪು ಮಾಡಿದ ಹುಡುಗನಂತೆ ನಿಂತುಬಿಟ್ಟಿರಿ. ಅಯ್ಯೋ ಅನ್ನಿಸಿತು ನನಗೆ.

ನಿಮಗೆ ಹೀಗೆ ಎಂದೂ ಆಗಿರಲಿಲ್ಲ. ಮಂಡಿ ನೋವಿದ್ದಾಗಲೂ ಗೋಳ ಎಳ್ಳಷ್ಟೂ ಅತ್ತಿತ್ತ ಆಗದಂತೆ ಹಿಡಿದವರು ನೀವು. ಆವತ್ತು ನನಗೆ ಮೈ ಸ್ವಲ್ಪ ಬಿಸಿಯಿತ್ತು, ದೀಪ ಹಿಡಿದ ಕೈ ನಡುಗುತ್ತಿತ್ತು, ಅಷ್ಟೇ. ನೀವು ನನ್ನ ಕೈಯನ್ನೇ ನೋಡುತ್ತ ನಡೆದಿರೇನೋ. ಕಣ್ಣು ಹೋದ ಕಡೆ ಗೋಳ ವಾಲಿರಬಹುದು. ಜ್ವರ ಈಗ ಬಿಟ್ಟಿದೆ, ಯಾರೂ ವಿಚಾರಿಸಬೇಕಾಗಿಲ್ಲ.

ಶನಿವಾರ ಮೇಲ್ವಿಚಾರಕರು ನನ್ನನ್ನು ಕರೆದು ಇನ್ನೊಂದು ಸುದ್ದಿ ಹೇಳಿದರು. ನೀವೇ ಹೋಗಿ ತಪ್ಪು ನನ್ನದೇ ಎಂದಿರಂತೆ, ದೂರದ ಊರಿನ ಶಾಖೆಗೆ ಕಳಿಸಿ ಎಂದಿರಂತೆ. ನಿಮ್ಮ ಜಾಗಕ್ಕೆ ಮೋಟಾರು ಬರುತ್ತದಂತೆ. ಸ್ವಿಚ್ಚು ಒತ್ತಿದರೆ ಗೋಳ ತಾನೇ ಸುತ್ತುತ್ತದೆ, ಸಂಬಳ ಕೇಳಲ್ಲ, ಜಾಸ್ತಿ ಮಾತಾಡಲ್ಲ ಎಂದು ಅವರು ನಕ್ಕರು. ಈಗಿರೋರೂ ಮಾತಾಡಲ್ಲ ಸಾರ್ ಎಂದೆ ನಾನು. ನನ್ನ ಸಹಿಯೊಂದು ಬಿದ್ದರೆ ನಿಮ್ಮ ವರ್ಗಾವಣೆ ಆದಂತೆ. ಎಂಟು ತಿಂಗಳಿಂದ ಬಾಯಿಗೆ ಬೀಗ ಹಾಕಿಕೊಂಡ ಮನುಷ್ಯ ಅವರ ಹತ್ತಿರ ಇಷ್ಟೆಲ್ಲ ಮಾತಾಡಿದ್ದೀರಲ್ಲ, ನನಗೆ ಹೇಳಲು ಏನಾಗಿತ್ತು?

ಅಪ್ಪ ತೀರಿಕೊಂಡ ದಿನದ ಮಾತನ್ನು ಮತ್ತೆ ಕೆದಕಬಾರದು ಎಂದುಕೊಂಡಿದ್ದೆ, ಆದರೂ ಬರೆಯುತ್ತೇನೆ. ಅಪ್ಪನ ದೇಹವನ್ನು ಇನ್ನೂ ಮನೆಯಿಂದ ಎತ್ತಿರಲಿಲ್ಲ. ನೀವು ಗಡಿಯಾರ ನೋಡಿ, ಎರಡು ಬಸ್ಸು ತುಂಬ ಮಕ್ಕಳು ಬರ್ತಾರೆ, ಹೋಗಿ ಬಂದುಬಿಡ್ತೀನಿ ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟಿರಿ. ದೀಪವನ್ನು ಸ್ಟೂಲಿನ ಮೇಲಿಟ್ಟು ಒಬ್ಬರೇ ಎಲ್ಲ ಮಾಡಿದಿರಂತೆ. ಸಂಜೆ ಬಂದಾಗ, ನಮ್ಮಪ್ಪ ಸತ್ತ ದಿನವೂ ಭೂಮಿ ತಿರುಗಿಸೋಕೆ ಹೋದೋರು ನೀವು ಎಂದು ಕೂಗಾಡಿದೆ. ನೀವು ತಲೆ ತಗ್ಗಿಸಿ, ನಾನು ಹೋಗದಿದ್ರೆ ಅದು ನಿಲ್ತಿತ್ತಾ ಎಂದಿರಿ. ಅದು ಸಮಾಧಾನದ ಮಾತೋ ಕೊಂಕೋ ನನಗೆ ಇವತ್ತಿಗೂ ತಿಳಿದಿಲ್ಲ. ನಾನು ಮನೆ ಬಿಟ್ಟು ಹೋಗಿ ಎಂದೆ, ನೀವು ಚೀಲಕ್ಕೆ ಬಟ್ಟೆ ತುಂಬಿಕೊಂಡು ನಿಮ್ಮಕ್ಕನ ಮನೆಗೆ ಹೋದಿರಿ. ಆ ದಿನ ನನಗೆ ನೀವು ಪಕ್ಕದಲ್ಲಿ ಬೇಕಾಗಿತ್ತು. ಹೇಳಬೇಕಾಗಿದ್ದದ್ದು ಅಷ್ಟೇ. ಕೋಪದಲ್ಲಿ ಅದೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದೆ.

ಈಗ ಕೋಪ ಮಾಡಿಕೊಳ್ಳಲೂ ತ್ರಾಣವಿಲ್ಲ. ಬೆಳಿಗ್ಗೆ ಎದ್ದು ಒಬ್ಬಳಿಗೇ ಬೇಯಿಸಿಕೊಂಡು, ನಾಲ್ಕು ಪ್ರದರ್ಶನ ನಿಂತು, ಊದಿದ ಕಾಲು ಎಳೆದುಕೊಂಡು ಬಂದು ಬಾಗಿಲು ತೆಗೆದರೆ ಮನೆಯಲ್ಲಿ ನನ್ನ ಕೆಮ್ಮೊಂದೇ ಸದ್ದು. ಸಾಕುಸಾಕಾಗಿದೆ. ಹೋಗುವ ಮನಸ್ಸಿದ್ದರೆ ಹೋಗಿ, ಕೈ ಹಿಡಿದು ನಿಲ್ಲಿಸುವವಳಲ್ಲ ನಾನು. ಆದರೆ ನನ್ನ ಮುಂದೆ ನಿಂತು, ಬೆಳಕಿರುವ ಕಡೆ ನಿಂತು, ಹೋಗ್ತೀನಿ ಎಂದು ಬಾಯಿಬಿಟ್ಟು ಹೇಳಿ ಹೋಗಿ.

ಮಂಡಿಗೆ ಎಣ್ಣೆ ಹಚ್ಚುತ್ತಿದ್ದೀರಿ ತಾನೆ? ನಿಮ್ಮಕ್ಕನಿಗೆ ನಾನು ಕೇಳಿದೆ ಎಂದು ಹೇಳಿ. ಹೇಳದಿದ್ದರೂ ಸರಿ.

ಇಂತಿ,
ದಿನವಿಡೀ ನಿಂತು ಕಾಲು ಸೋತ
ನಿಮ್ಮ ದೀಪದವಳು

ಮಡಿಸಿದ ಮೇಲೆ ಬಿಚ್ಚಿ ಬರೆದದ್ದು: ಬೆಳಕು ಕಣ್ಣಿಗೆ ಬಡಿದು ಏನೂ ಕಾಣಲಿಲ್ಲ ಎಂದದ್ದು ಸುಳ್ಳು. ಗೋಳ ನನ್ನ ಕಡೆ ವಾಲಿದ್ದು ಮೊದಲ ಹೆಜ್ಜೆಗೇ ಕಂಡಿತ್ತು. ಒಂದು ಸನ್ನೆ ಮಾಡಿದ್ದರೆ ನೀವು ತಿದ್ದಿಕೊಳ್ಳುತ್ತಿದ್ದಿರಿ. ಒಂದು ಸುತ್ತಾದರೂ ಹಾಗೇ ಇರಲಿ ಎಂದು ಸುಮ್ಮನಿದ್ದೆ. ಡಿಸೆಂಬರ್ ಎಂದು ಬೇಕೆಂದೇ ನಿಧಾನವಾಗಿ ಹೇಳಿದೆ. ಮೇಲ್ವಿಚಾರಕರಿಗೆ ಕೊಡುವ ಹಾಳೆಯನ್ನೂ ಈಗ ಬರೆದು ಮುಗಿಸಿದೆ. ತಪ್ಪು ಇಬ್ಬರದೂ ಎಂದು ಬರೆದಿದ್ದೇನೆ. ಕಳಿಸುವುದಾದರೆ ಇಬ್ಬರನ್ನೂ ಒಂದೇ ಊರಿಗೆ ಕಳಿಸಿ ಎಂದೂ ಬರೆದಿದ್ದೇನೆ. ನನ್ನ ಸಹಿ ಹಾಕಿದ್ದೇನೆ. ಪಕ್ಕದಲ್ಲಿ ನಿಮ್ಮದಕ್ಕೆ ಜಾಗ ಬಿಟ್ಟಿದ್ದೇನೆ.