ಮೇಜಿನ ಮೇಲೆ ಇವರ ಭುಜ

ಅಣ್ಣಾ, ಆಸ್ಪತ್ರೆ ಸೇರಿದೆವು. ಇಲ್ಲಿ ಭುಜ ಬದಲಿಸುವುದಕ್ಕೇ ಒಂದು ಮಹಡಿ ಇದೆ, ಅದೂ ಸಾಲದೆ ಮೇಲೆ ಇನ್ನೊಂದು ಕಟ್ಟುತ್ತಿದ್ದಾರೆ. ಡಾಕ್ಟರು ಯಾವುದೋ ಹೊಸ ಯಂತ್ರದಲ್ಲಿ ಇವರ ಭುಜದ ಮೂಳೆಯನ್ನು ಪ್ಲಾಸ್ಟಿಕ್ಕಿನಲ್ಲಿ ಅಚ್ಚು ತೆಗೆಸಿ ಮೇಜಿನ ಮೇಲಿಟ್ಟರು. ಮೂಟೆ ಹೊತ್ತು ಸವೆದ ಗುಳಿ ಕೂಡ ಹಾಗೇ ಇತ್ತು.

“ಹೊಸ ಭುಜ ಹಾಕಿದ್ರೆ ನೋವು ಹೋಗುತ್ತೆ, ತಲೆ ಬಾಚ್ಕೋಬಹುದು. ಮೂಟೆ ಮಾತ್ರ ಇನ್ನು ಹೊರೋ ಹಾಗಿಲ್ಲ” ಅಂದರು.

“ಮೂಟೆ ಹೊರದ ಭುಜ ತಗೊಂಡು ನಾನೇನ್ ಮಾಡ್ಲಿ ಸಾರ್?” ಅಂದರು ಇವರು. ತಮಾಷೆಯೆಂದು ಡಾಕ್ಟರು ನಕ್ಕರು.

ನಾಳೆಯೇ ಆಪರೇಷನ್. ನೀನು ಇದು ಓದಿದ ಕೂಡಲೇ ಗೋದಾಮಿನ ಸಾಹುಕಾರರನ್ನು ಕಂಡು ಇವರಿಗೆ ಕಾವಲು ಕೆಲಸ ಕೇಳಿಡು, ಬೇರೆ ಯಾರಾದರೂ ಸೇರಿಬಿಟ್ಟರೆ ನಮ್ಮ ಗತಿ? ನಾನು ಬರೆದೆನೆಂದು ಇವರಿಗೆ ತಿಳಿಯಬಾರದು. ಗೋಡೆಗೆ ಮುಖ ಮಾಡಿ ಮಲಗಿ, ಎಡಗೈಯಲ್ಲಿ ತಮ್ಮ ಸವೆದ ಭುಜವನ್ನೇ ಸವರಿಕೊಳ್ಳುತ್ತಿದ್ದಾರೆ.

ನಿನ್ನ ತಂಗಿ