ಕಲ್ಲುಗುಪ್ಪೆಯ ಮುಂದೆ ನುಡಿಸುವವರು

ಕೇಪ್ ಬ್ರೆಟನ್, ಕೆನಡಾ, ಜುಲೈ ೧೯, ಶನಿವಾರ

ಕೋಪ ಇನ್ನೂ ಇಳಿದಿಲ್ಲ. ಸ್ಕಾಟ್ಲೆಂಡಿನಿಂದ ಹಡಗಿನಲ್ಲಿ ಬಂದ ಹಿರಿಯರ ಸ್ಮಾರಕವಾದ ಕಲ್ಲುಗುಪ್ಪೆಯ ಮುಂದೆ ನಾಳೆ ನಮ್ಮ ಕುಲಸಂಘ ಸೇರುತ್ತದೆ. ಅಲ್ಲಿ ಶೋಕರಾಗವನ್ನು ಕಿರಿಯರೇ ಬ್ಯಾಗ್‌ಪೈಪಿನಲ್ಲಿ ನುಡಿಸುವುದು ವಾಡಿಕೆ. ಈ ಸಲದ ಸರದಿ ನನ್ನ ಶಿಷ್ಯೆ ರೋನಾಳದು. ಚಳಿಗಾಲವಿಡೀ ಬೆರಳು ಮರಗಟ್ಟುವಂತೆ ಅಭ್ಯಾಸ ಮಾಡಿದ್ದಾಳೆ. ಅವಳ ತಾಯಿ ನಮ್ಮ ಕುಲದವಳು, ತಂದೆ ಉಕ್ರೇನಿನ ಗಣಿ ಕಾರ್ಮಿಕರ ವಂಶದವನು.

ಇಂದು ಅಧ್ಯಕ್ಷ ಲಾಕ್ಲಿನ್ ಅವಳೆದುರಿಗೇ ಅಂದ: "ಪೆತ್ರೆಂಕೊ ಅಂತ ಅಪ್ಪನ ಹೆಸರಿಟ್ಕೊಂಡು ನಮ್ಮ ಹಿರಿಯರಿಗೆ ನುಡಿಸ್ತಾಳಾ? ಅಮ್ಮ ನಮ್ಮವಳಾದ್ರೆ ಸಾಕೇನ್ರೀ ಮೇಷ್ಟ್ರೇ? ಕುಲ ಬರೋದು ಅಪ್ಪನ ಹೆಸರಲ್ಲಿ. ನೀವೇ ನುಡಿಸಿಬಿಡಿ."

ರೋನಾ ಅಳಲಿಲ್ಲ. "ಆ ಕಲ್ಲಲ್ಲಿ ಮೊದಲು ಕೆತ್ತಿರೋ ಮಾರ್ಸಲಿ ಬೀಟನ್ ಯಾರು, ಅಧ್ಯಕ್ಷರೇ? ಬೀಟನ್ ಅನ್ನೋದೂ ನಿಮ್ಮ ಕುಲದ ಹೆಸರಲ್ವಲ್ಲ?"

"ಅವಳು ನಮ್ಮ ಮೂಲ ಅಜ್ಜಿ ಕಣೇ!" ಎಂದು ಗದರಿದ. ಬೇರೆ ಹೆಸರಿನವಳನ್ನೇ ಕುಲದ ಮೂಲವೆಂದು ತಾನು ಒಪ್ಪಿಕೊಂಡೆನೆಂಬುದು ಅವನಿಗೆ ಹೊಳೆಯಲೇ ಇಲ್ಲ.

ನಮ್ಮ ಹಿಂದಿನ ಹೆಂಗಸರು ಮದುವೆಯಾದರೂ ತವರಿನ ಹೆಸರನ್ನು ಬಿಡುತ್ತಿರಲಿಲ್ಲ. ಸಮಾಧಿಯ ಕಲ್ಲಿನ ಮೇಲೂ ಅದೇ ಇರುತ್ತಿತ್ತು. ಪರಂಪರೆ ಕಾಯುತ್ತೇವೆಂದು ಎದೆ ತಟ್ಟಿಕೊಳ್ಳುವವರು ಮರೆತಿರುವುದು ಇದನ್ನೇ. ಇಂಥವರ ಕೈಗೆ ಈ ಮಕ್ಕಳನ್ನು ಹೇಗೆ ಒಪ್ಪಿಸಲಿ?

ಈ ಸಲ ಸಂಘದಲ್ಲಿ ಆ ಶೋಕರಾಗವನ್ನು ನುಡಿಸಬಲ್ಲವರು ನಾನು, ರೋನಾ ಇಬ್ಬರೇ. ನಾಳೆ ನನ್ನ ಪೈಪು ಪೆಟ್ಟಿಗೆಯಿಂದ ಹೊರಬರುವುದಿಲ್ಲ. "ನಿನ್ನದನ್ನ ತಗೊಂಡು ಬಾ, ಪುಟ್ಟಾ" ಎಂದು ರೋನಾಳಿಗೆ ಹೇಳಿದ್ದೇನೆ. ಎಲ್ಲರೂ ಟೋಪಿ ತೆಗೆದು ತಲೆ ತಗ್ಗಿಸಿ ಕಾಯುತ್ತಿರುವಾಗ ಆ ಮೌನವನ್ನು ಲಾಕ್ಲಿನ್ ಎಷ್ಟು ಹೊತ್ತು ತಡೆದುಕೊಳ್ಳುತ್ತಾನೋ ನೋಡೋಣ.