ಮೂರು ಸಲ ಬೇಡವೆಂದರೂ

ಸ್ಯಾಸ್ಕಟೂನ್,
ಡಿಸೆಂಬರ್ 9, 1994

ಮುದ್ದಿನ ಮಗಳು ಸ್ಟೆಫಾಳಿಗೆ ಅಮ್ಮನ ನೂರು ಮುತ್ತುಗಳು.

ಹೇಗಿದ್ದೀಯಮ್ಮಾ? ಹ್ಯಾಲಿಫ್ಯಾಕ್ಸಿನ ಸಮುದ್ರದ ಗಾಳಿಗೆ ನಿನ್ನ ಕೆಮ್ಮು ಮತ್ತೆ ಎದ್ದಿದೆಯಂತೆ, ಮರುಸ್ಯಾ ಚಿಕ್ಕಮ್ಮ ಹೇಳಿದಳು. ನನಗೆ ಬರೆಯದೆ ಅವಳಿಗೆ ಬರೆಯುತ್ತೀಯಲ್ಲ, ಇರಲಿ ಬಿಡು. ಬೆಳ್ಳುಳ್ಳಿ ತಿನ್ನು, ವಾಸನೆ ಬಂದರೆ ಬರಲಿ. ನಾನು ಗಟ್ಟಿಯಾಗಿದ್ದೇನೆ. ನಿನ್ನಪ್ಪನಿಗೆ ಮೊಣಕಾಲು ನೋವು, ಕೋಪ ಮಾತ್ರ ಮೂಗಿನ ತುದಿಯಲ್ಲೇ ಇದೆ. ಈಗಲೂ ಆ ಚಳಿಯಲ್ಲಿ ಹಿತ್ತಲಿನ ಗೂಡಿನ ಮುಂದೆ ನಿಂತು ಸಾಸೇಜಿಗೆ ಹೊಗೆ ಹಾಕುತ್ತಿದ್ದಾರೆ. ಅವರು ಒಳಗೆ ಬರುವುದರೊಳಗೆ ಬರೆದು ಮುಗಿಸಬೇಕು, ಅವರಿಗೆ ಹೇಳಿಲ್ಲ.

ಜನವರಿ ಆರರ ಸಂಜೆ, ನಮ್ಮ ಹಳೇ ಪಂಚಾಂಗದ ಕ್ರಿಸ್ಮಸ್ ಹಿಂದಿನ ದಿನದ ಊಟಕ್ಕೆ ನೀನು ಬರಬೇಕು. ನಿನ್ನ ಕ್ಯಾಲಮ್‌ನನ್ನೂ ಕರೆತರಬೇಕು. ನಿನ್ನನ್ನು ನೋಡದೆ ನಾಲ್ಕು ವರ್ಷವಾಯಿತು, ಇನ್ನು ನನ್ನಿಂದಾಗುವುದಿಲ್ಲ.

ಅಂದು ಈಸ್ಟರ್ ಊಟಕ್ಕೆ ನೀನು ಅವನನ್ನು ಮೊದಲ ಸಲ ಕರೆತಂದಾಗ ಆ ಪಾಪದ ಹುಡುಗ 'ಬೇಡ, ಥ್ಯಾಂಕ್ಸ್' ಅಂದ. ನಮ್ಮ ಮನೆಗಳಲ್ಲಿ ಮೊದಲ 'ಬೇಡ' ಸಂಕೋಚಕ್ಕೆ, ಎರಡನೆಯದು ಮರ್ಯಾದೆಗೆ, ಮೂರನೆಯದನ್ನು ಯಾರೂ ಕಿವಿಗೇ ಹಾಕಿಕೊಳ್ಳುವುದಿಲ್ಲ. ನಿನ್ನಪ್ಪ, "ಏ, ನಾಚ್ಕೋಬೇಡಪ್ಪಾ, ಒಳ್ಳೇ ಕಡ್ಡಿ ಥರ ಇದೀಯ, ತಿನ್ನು!" ಅಂತ ಸಾಸೇಜಿನ ಮೇಲೆ ಸಾಸೇಜು ಹಾಕಿದರು. ಅವನು ತಟ್ಟೆ ಸರಿಸಿ ಎದ್ದುಬಿಟ್ಟ. ಅವನು ಮಾಂಸ ಮುಟ್ಟುವವನಲ್ಲ ಎಂದು ನೀನು ಹೇಳುವಷ್ಟರಲ್ಲಿ ಇವರು, "ನನ್ನ ಮನೆ ಊಟ ಬೇಡ, ಮಗಳು ಮಾತ್ರ ಬೇಕಾ?" ಎಂದುಬಿಟ್ಟಿದ್ದರು. ಅವತ್ತು ಅವನ ಜೊತೆ ಹೊರಟವಳು ನೀನು ಮತ್ತೆ ಈ ಮನೆಗೆ ಬರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೆ ಅಪ್ಪನೊಬ್ಬರನ್ನೇ ದೂರಬೇಡ ಮಗಳೇ. ಆ ಹುಡುಗನ ಮುಖ ಬಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಕಂಡೂ ಮೇಲೊಂದು ಸೌಟು ಮಾಂಸದ ಗೊಜ್ಜು ಸುರಿದವಳು ನಾನೇ. ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅದಕ್ಕೇ ಈ ಊಟವನ್ನು ಆರಿಸಿದ್ದು. ಅವತ್ತು ವ್ರತದ ದಿನ, ಹನ್ನೆರಡು ಬಗೆಯ ಅಡುಗೆ, ಒಂದರಲ್ಲೂ ಮಾಂಸವಿಲ್ಲ. ನಿನ್ನಪ್ಪನೂ ಸಾಸೇಜಿನ ಕಡೆ ತಲೆಹಾಕುವಂತಿಲ್ಲ. ಮೀನು ಇರುತ್ತದೆ, ಅದನ್ನು ಮೇಜಿನ ಆ ತುದಿಗೆ ಇಡುತ್ತೇನೆ. ಕ್ಯಾಲಮ್‌ಗೆ ಮೊದಲೇ ಹೇಳಿಟ್ಟಿರು: ಆಕಾಶದಲ್ಲಿ ಮೊದಲ ನಕ್ಷತ್ರ ಕಾಣುವವರೆಗೆ ತಿನ್ನಲು ಏನೂ ಸಿಗುವುದಿಲ್ಲ, ಬರುವಾಗ ಏನಾದರೂ ತಿಂದಿರಲಿ. ಮೊದಲು ಗೋಧಿ, ಜೇನು, ಗಸಗಸೆಯ ಕುತ್ಯಾ ಒಂದು ಚಮಚ, ಆಮೇಲೆ ಪ್ರತಿಯೊಂದರಲ್ಲೂ ಒಂದು ತುತ್ತು ಸಾಕು. ಆಲೂಗಡ್ಡೆ ತುಂಬಿದ ಪಿರೋಹಿ ಕಡುಬನ್ನು ಪೂರ್ತಿ ಮುಗಿಸಬಾರದು; ತಟ್ಟೆ ಖಾಲಿಯಾದರೆ ಮರುಸ್ಯಾ ಇನ್ನೂ ಆರು ಸುರಿಯುತ್ತಾಳೆ, ಅವಳ ಕೈ ಹಿಡಿಯಲು ನನ್ನಿಂದಾಗದು. ಚರ್ಚಿನ ನೆಲಮಾಳಿಗೆಯಲ್ಲಿ ನಾವು ಹೆಂಗಸರು ಕೂತು ನಮ್ಮ ಮನೆಗೆಂದೇ ಮುನ್ನೂರು ಪಿರೋಹಿ ಮಡಚಿ ಫ್ರೀಜರಿನಲ್ಲಿಟ್ಟಿದ್ದೇವೆ. "ಯಾರು ಬರ್ತಾರೇ ನಿಮ್ಮನೆಗೆ ಇಷ್ಟೊಂದು?" ಅಂತ ಎಲ್ಲರೂ ರೇಗಿಸಿದರು. ನಾನು ಬಾಯಿ ಬಿಡಲಿಲ್ಲ. ನೀನು ಬಾರದಿದ್ದರೆ ಏನು ಮುಖ ತೋರಿಸಲಿ?

ದೇವರು ನಿಮ್ಮಿಬ್ಬರನ್ನೂ ಬೆಚ್ಚಗಿಟ್ಟಿರಲಿ. ಕತ್ತಿಗೆ ಉಣ್ಣೆಯ ಶಾಲು ಸುತ್ತಿಕೊಂಡೇ ಹೊರಗೆ ಹೋಗು.

ನಿನ್ನ ದಾರಿ ಕಾಯುವ
ಅಮ್ಮ, ಓರಿಸ್ಯಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ನಿನ್ನಪ್ಪ ಬಂದುಬಿಟ್ಟರು, ಸಿಕ್ಕಿಬಿದ್ದೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಬೈಯುತ್ತಾರೆಂದು ಕಾದೆ, ಬೈಯಲಿಲ್ಲ. ಕನ್ನಡಕ ತೆಗೆದಿಟ್ಟು, "ಆ ಹುಡುಗನಿಗೆ ತಿನ್ನೋಕೆ ಏನು ಇಷ್ಟವಂತೆ? ಕೇಳಿ ಬರಿ, ನಾನೇ ಮಾಡ್ತೀನಿ" ಅಂದರು. ಅಯ್ಯೋ ಮಗಳೇ, ನಾವಿಬ್ಬರೂ ಇದನ್ನು ಒಂದು ಸಲವೂ ಕೇಳಿರಲಿಲ್ಲ. ಅವನಿಗೆ ಏನು ಇಷ್ಟ? ಬೇಗ ಬರಿ.